ಆಕಾಶಕ್ಕೆ ಮೂರು ನಿಮಿಷ, ಬಂಡೆಗೆ ಅರ್ಧ ಗಂಟೆ

ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಎತ್ರೆತಾದಲ್ಲಿ ಸೀಮೆಸುಣ್ಣದ ಬಂಡೆ ಕಮಾನಾಗಿ ಕಡಲಿಗೆ ಇಳಿದಿದೆ. ಅಂಥ ದೃಶ್ಯದ ಹತ್ತೊಂಬತ್ತನೇ ಶತಮಾನದ ಎಚಿಂಗ್ (ತಾಮ್ರದ ತಗಡಿನಲ್ಲಿ ಆಸಿಡ್‌ನಿಂದ ಗೆರೆ ಕೊರೆಸಿ, ಗೆರೆಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ ಕಾಗದಕ್ಕೆ ಒತ್ತಿದ ಅಚ್ಚು) ನೋಡಿದರೆ, ನೆರಳಿದ್ದಲ್ಲಿ ಕಲಾವಿದ ಕೈಯೊತ್ತಿ ಗೀಚಿದ್ದಾನೆ ಅನ್ನಿಸುತ್ತದೆ. ಹಾಗಲ್ಲ. ಸೂಜಿ ಎಲ್ಲೆಡೆ ಹೆಚ್ಚುಕಡಿಮೆ ಹಗುರವಾಗಿಯೇ ಓಡಿರುತ್ತದೆ. ಕಪ್ಪು ಬರುವುದು ತಗಡು ಆಸಿಡ್‌ನಲ್ಲಿ ಕಳೆದ ಹೊತ್ತಿನಿಂದ; ಹೊತ್ತು ಹೆಚ್ಚಿದಷ್ಟೂ ಗೆರೆ ಆಳ, ಶಾಯಿ ಹೆಚ್ಚು.

ತಾಮ್ರದ ತಗಡು ಕಾಯಿಸಿ ಜೇನುಮೇಣ, ಆಸ್ಫಾಲ್ಟ್, ರಾಳ ಬೆರೆಸಿದ ತೆಳು ಪದರ ಹಚ್ಚಿ, ಮೇಣದಬತ್ತಿಯ ಹೊಗೆ ಹಿಡಿಸುತ್ತಾರೆ. ಸೂಜಿ ಆ ಪದರವನ್ನಷ್ಟೇ ಕೀಳಬೇಕು. ಬೆನ್ನಿಗೂ ಅಂಚಿಗೂ ವಾರ್ನಿಷ್ ಬಳಿದು ನೀರು ಬೆರೆಸಿದ ನೈಟ್ರಿಕ್ ಆಸಿಡ್‌ಗೆ ಇಳಿಸುತ್ತಾರೆ. ಬೆರೆಸುವಾಗ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಸುಮಾರು ಮೂರು ನಿಮಿಷಕ್ಕೆ ತಗಡು ತೆಗೆದು, ತೊಳೆದು ಒರೆಸಿ, ಆಕಾಶದ ಗೆರೆಗಳನ್ನು ವಾರ್ನಿಷ್‌ನಿಂದ ಮುಚ್ಚುತ್ತಾರೆ. ಮತ್ತೆ ಇಳಿಸಿ, ಹತ್ತು ನಿಮಿಷದ ಹೊತ್ತಿಗೆ ದೂರದ ಬಂಡೆ ಮತ್ತು ಅಲೆ. ಕಮಾನಿನಡಿಯ ನೆರಳು ಅರ್ಧ ಗಂಟೆಯೂ ಒಳಗಿರಬಹುದು. ಬಿಸಿಯಲ್ಲಿ ಆಸಿಡ್ ಬೇಗ ಕಚ್ಚುತ್ತದೆ. ತಂಪು ದೇಶದ ಕೈಪಿಡಿಯ ನಿಮಿಷಗಳನ್ನು ಕಾರವಾರದ ಏಪ್ರಿಲ್‌ನಲ್ಲಿ ನೆಚ್ಚಿ ಕೂತರೆ ತಗಡು ಹಾಳು.

ಗೆರೆಯ ಮೇಲೆ ಏಳುವ ಗುಳ್ಳೆಗಳನ್ನು ಹಕ್ಕಿಗರಿಯಿಂದ ಸರಿಸುತ್ತಿರಬೇಕು, ಇಲ್ಲವಾದರೆ ಗೆರೆ ಏರುಪೇರು. ತಗಡಿನಲ್ಲಿ ಜಿಡ್ಡು ಉಳಿದಿದ್ದರೆ ಮೇಣ ಎದ್ದು ಆಕಾಶದ ತುಂಬ ಚುಕ್ಕಿ. ಗೆರೆಗಳನ್ನು ತೀರಾ ಒತ್ತಾಗಿ ಎಳೆದರೆ ನಡುವಿನ ತಾಮ್ರ ಕುಸಿದು ಅಗಲ ಹಳ್ಳವಾಗುತ್ತದೆ. ಆ ಹಳ್ಳದಲ್ಲಿ ಶಾಯಿ ನಿಲ್ಲದೆ, ಕಪ್ಪಾಗಬೇಕಿದ್ದ ಗುಹೆ ಬೂದುಬಣ್ಣಕ್ಕೆ ತಿರುಗುತ್ತದೆ. ಹಳೆಯ ಅಚ್ಚುಗಳ ಬಂಡೆನೆರಳಿನಲ್ಲಿ ಈ ದೋಷ ಹುಡುಕಿ ನೋಡಿ.

1862ರಲ್ಲಿ ಪ್ಯಾರಿಸ್‌ನ ಪ್ರಕಾಶಕ ಆಲ್ಫ್ರೆಡ್ ಕಾದಾರ್ ಎಚಿಂಗ್ ಕಲಾವಿದರ ಸಂಘ ಕಟ್ಟಿದ. ಅದರ ಮುದ್ರಕ ಒಗುಸ್ತ್ ದೆಲಾತ್ರ್ ತಗಡಿನ ಮೇಲೆ ತುಸು ಶಾಯಿ ಉಳಿಸಿ ಒರೆಸುವುದರಲ್ಲಿ ಪಳಗಿದವನು. ಬಿರುಗಾಳಿ ಕವಿದ ಆಕಾಶದಲ್ಲಿ ಅರ್ಧ ಕೆಲಸ ಮುದ್ರಕನದ್ದೇ ಇರಬಹುದು.

ಅಚ್ಚಿನಲ್ಲಿ ಎಡಬಲ ತಿರುಗುತ್ತದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಂತು ಕಂಡಂತೆಯೇ ತಗಡಿನ ಮೇಲೆ ಬಿಡಿಸಿದರೆ, ಬಲಕ್ಕಿರುವ ಸದಾಶಿವಗಡ ಎಡಕ್ಕೆ ಹೋಗುತ್ತದೆ. ಅದಕ್ಕೇ ಕೆಲವರು ಕನ್ನಡಿಯಲ್ಲಿ ನೋಡಿ ಬಿಡಿಸುತ್ತಿದ್ದರು.

ಅಸಲಿ ಅಚ್ಚಿನಲ್ಲಿ ಸಾಮಾನ್ಯವಾಗಿ ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಕಾಣುತ್ತದೆ. ಓರೆಬೆಳಕಿನಲ್ಲಿ ಭೂತಗನ್ನಡಿ ಹಿಡಿದರೆ ಶಾಯಿ ಕಾಗದದಿಂದ ಉಬ್ಬಿ ನಿಂತಿರುತ್ತದೆ. ಸಾಲುಸಾಲು ಚುಕ್ಕಿ ಕಂಡರೆ ಆಫ್‌ಸೆಟ್ ನಕಲು.

ನಮ್ಮ ಕರಾವಳಿಯ ಮನೆಯಲ್ಲಿ ಇಂಥ ಅಚ್ಚಿಗೆ ಉಪ್ಪುಗಾಳಿಯದೇ ಕಾಟ. ಗಾಳಿಯ ತೇವಾಂಶ ಶೇ. 75 ದಾಟಿದರೆ ಕಾಗದದ ಮೇಲೆ ಕೂತ ಉಪ್ಪು ನೀರು ಹೀರಿ ಒದ್ದೆಯಾಗುತ್ತದೆ, ಹಿಂದೆಯೇ ಬೂಷ್ಟು. ಮಳೆಗಾಲದಲ್ಲಿ ಪಡುವಣ ಗೋಡೆಗೆ ತೂಗಬೇಡಿ. ಗಾಜಿಗೂ ಕಾಗದಕ್ಕೂ ನಡುವೆ ಆಸಿಡ್ ಇಲ್ಲದ ರಟ್ಟಿನ ಚೌಕಟ್ಟು ಇರಲಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕಿನ ತುಂಡು ಅಂಟಿಸಿದರೆ ಗೋಡೆಯ ತೇವ ನೇರ ತಾಗದು.