ಸೊನ್ನೆಯಲ್ಲೇ ನಿಂತ ಮುಳ್ಳು

ಮಂಗಳೂರಿನಿಂದ ಬರುತ್ತ ಶಿರಾಡಿ ಘಾಟಿಯ ಏರಿನಲ್ಲಿ, ಮಾರನಹಳ್ಳಿ ಇನ್ನೂ ಸ್ವಲ್ಪ ದೂರವಿರುವಾಗ, ಎಂಜಿನ್ ಆರಿಹೋಯಿತು. ಕೆಮ್ಮಲಿಲ್ಲ, ಮುಗ್ಗರಿಸಲಿಲ್ಲ; ಯಾರೋ ಕೀಲಿ ತಿರುಗಿಸಿದ ಹಾಗೆ. ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಯಿತು. ಹಿಂದೆ ಗ್ಯಾಸ್ ಟ್ಯಾಂಕರುಗಳ ಸಾಲು, ಪಕ್ಕದಲ್ಲಿ ಅಮ್ಮ. ಗಾಡಿಯನ್ನು ಅಂಚಿಗೆ ತರುವಷ್ಟರಲ್ಲಿ ನನ್ನ ಕೈ ನಡುಗುತ್ತಿತ್ತು.

ಆ ತಿಂಗಳಲ್ಲಿ ಇದು ಮೂರನೆಯ ಸಲ. ಊರಿನ ಗ್ಯಾರೇಜಿನವರು ಪೆಟ್ರೋಲ್ ಪಂಪ್ ಬದಲಿಸಿದರು, ಆಮೇಲೆ ಇಗ್ನಿಷನ್ ಕಾಯಿಲ್ ಬದಲಿಸಿದರು. ಅಲ್ಲಿಗೆ ಒಯ್ಯುವ ಹೊತ್ತಿಗೆ ಎಂಜಿನ್ ತಣ್ಣಗಾಗಿ ರೋಗವೇ ಅಡಗಿರುತ್ತಿತ್ತು. ಸ್ಕ್ಯಾನರ್ ಹಾಕಿದರೆ ದೋಷ ತೋರಿಸುವ ಒಂದು ಕೋಡೂ ಇಲ್ಲ.

ಪರಿಚಯದ ಸಕಲೇಶಪುರದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. “ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಅಲ್ಲಾಡುತ್ತದೆಯೇ ನೋಡಿ ಸಾರ್” ಎಂದರು. ಸ್ಟಾರ್ಟರ್ ಗರಗರ ತಿರುಗಿಸುತ್ತಿತ್ತು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆಯೆಂದು ತೋರಿಸುವ ಆ ಮುಳ್ಳು ಮಾತ್ರ ಸೊನ್ನೆ ಬಿಟ್ಟು ಏಳಲಿಲ್ಲ. “ಎಂಜಿನ್ ತಿರುಗುತ್ತಿದೆ ಎಂಬುದೇ ಕಂಪ್ಯೂಟರಿಗೆ ತಿಳಿಯುತ್ತಿಲ್ಲ. ಎಂಜಿನ್ ತಣ್ಣಗಾದ ಮೇಲೆ ನಿಧಾನವಾಗಿ ಬನ್ನಿ.”

ನಮ್ಮ ಗಾಡಿಯ ಕ್ರ್ಯಾಂಕ್ ಚಕ್ರದಲ್ಲಿ, ಎಂದರೆ ಎಂಜಿನ್ ಜೊತೆಗೇ ತಿರುಗುವ ಹಲ್ಲಿನ ಚಕ್ರದಲ್ಲಿ, 60 ಹಲ್ಲುಗಳ ಜಾಗವಿದೆ, ಇರುವುದು 58. ಬೇಕೆಂದೇ ಬಿಟ್ಟ ಆ ಎರಡರ ಜಾಗ ಹಾದುಹೋದಾಗ ಪಿಸ್ಟನ್ ಎಲ್ಲಿದೆಯೆಂದು ಕಂಪ್ಯೂಟರಿಗೆ ಗೊತ್ತಾಗುತ್ತದೆ. 800 ಆರ್‌ಪಿಎಂನಲ್ಲಿ ಹಲ್ಲುಗಳೆದುರಿನ ಸೆನ್ಸರ್, ಹಲ್ಲಿಗೊಮ್ಮೆಯಂತೆ, ಸೆಕೆಂಡಿಗೆ 770ಕ್ಕೂ ಹೆಚ್ಚು ಸಲ ಮಿಡಿಯುತ್ತದೆ. ಆ ಮಿಡಿತ ನಿಂತರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ.

ಸಕಲೇಶಪುರ ತಲುಪಿದಾಗ ಮೆಕ್ಯಾನಿಕ್ ಮೊದಲು ಆ ಸೆನ್ಸರಿನ ವೈರು, ಸಾಕೆಟ್ ನೋಡಿದರು, ಅಲ್ಲಿ ತಪ್ಪಿರಲಿಲ್ಲ. ಹೆಬ್ಬೆರಳು ಗಾತ್ರದ ಸೆನ್ಸರನ್ನು ಬಿಚ್ಚಿ, ತುದಿಗಂಟಿದ ಕಬ್ಬಿಣದ ಪುಡಿ ಒರೆಸಿ, ಒಳಗಿನ ತಾಮ್ರದ ಸುರುಳಿಯ ರೋಧ ನೋಡಲು ಮಲ್ಟಿಮೀಟರ್ ಹಿಡಿದರು: 860 ಓಮ್. ಯಾರು ನೋಡಿದರೂ ಸರಿಯಿದೆ ಎನ್ನಬೇಕು. ಅವರು ಎನ್ನಲಿಲ್ಲ. ಎದುರಿನ ಚಹಾ ಅಂಗಡಿಯಿಂದ ಲೋಟದಲ್ಲಿ ಕುದಿನೀರು ತರಿಸಿ, ಪಿನ್ನುಗಳು ನೆನೆಯದಂತೆ ತುದಿಯನ್ನು ಇಳಿಬಿಟ್ಟರು. ಅಂಕಿ ಏರತೊಡಗಿತು: 900, 960, 1010. ತಾಮ್ರ ಬಿಸಿಯಾದರೆ ಅಷ್ಟು ಏರುವುದು ಸಹಜ. 1040ರ ಹತ್ತಿರ ಅಂಕಿಯೇ ಮಾಯವಾಯಿತು. ಒಳಗಿನ ಸುರುಳಿ ಕಾಯಿಸಿದಾಗ ಮಾತ್ರ ಕಡಿಯುತ್ತಿತ್ತು. ಹೊರಗೆ ತೆಗೆದು ಊದಿದರು. ಸ್ವಲ್ಪ ಹೊತ್ತಿಗೆ ಅಂಕಿ ಮರಳಿ ಬಂತು. ಉಸಿರು ಬಿಗಿಹಿಡಿದು ಮೂರು ಸಲ ನೋಡಿದೆ.

ಹೊಸದು ಹಾಸನದಿಂದ ಸಂಜೆಯ ಬಸ್ಸಿನಲ್ಲಿ ಬಂತು. ಜೋಡಿಸಿದ ಮೇಲೆ ಅವರು ಬಾನೆಟ್ಟಿನ ಹಿಂದಿನಿಂದಲೇ ಕೂಗಿದರು: “ಎಂಜಿನ್ ಬೇಡ ಸಾರ್, ಮುಳ್ಳು ನೋಡಿ.” ಕೀಲಿ ತಿರುಗಿಸಿದೆ. ಎಂಜಿನ್ ಹಿಡಿಯುವ ಮೊದಲೇ ಮುಳ್ಳು ಇನ್ನೂರರ ಆಸುಪಾಸಿಗೆ ಎದ್ದು ನಿಂತಿತು.