ಓದಿ ಹೇಳು

ಭಾನುವಾರ ಕೇಳಿದ ಎರಡು ಪದ ಇನ್ನೂ ಕಿವಿ ಬಿಟ್ಟು ಹೋಗಿಲ್ಲ. ಲ್ಯಾಪ್‌ಟಾಪ್‌ನಿಂದ ಬಂದ ಯಂತ್ರದ ದನಿ ಅದು. ಹೆಣ್ಣು ದನಿ, ಬಸ್ ನಿಲ್ದಾಣದ ಪ್ರಕಟಣೆಯ ಹಾಗೆ ಏರಿಳಿತವಿಲ್ಲದ್ದು. "ಓದಿ ಹೇಳು" ಎಂದಿತು. ಹೇಳಿದವರು ನನ್ನ ದೊಡ್ಡ ಸೋದರಮಾವ. ಹೇಳಿದ್ದು ತಮ್ಮನಿಗೆ, ಅಂದರೆ ನನ್ನ ಚಿಕ್ಕ ಮಾವನಿಗೆ. ಅಷ್ಟರಲ್ಲಿ ಚಿಕ್ಕ ಮಾವ ಅಣ್ಣನ ಎಡಗೈ ಹೆಬ್ಬೆರಳಿಗೆ ಶಾಯಿ ಹಚ್ಚಿ ಆಗಿತ್ತು. ಬೆರಳು ಕಾಗದದಿಂದ ಒಂದು ಗೇಣು ದೂರದಲ್ಲಿತ್ತು.

ಕಾಗದ ಊರಿನ ಹಳೆಯ ಮನೆಯದ್ದು. ಯಾರೂ ವಾಸವಿಲ್ಲದೆ ಹೆಂಚು ಕುಸಿಯುತ್ತಿರುವ ಆ ಮನೆಯನ್ನು ಮಾರಲು ಒಡಹುಟ್ಟಿದವರೆಲ್ಲ ಒಪ್ಪಿದ್ದೇವೆ ಎಂಬ ಪತ್ರ. ನೋಂದಣಿ ಆಮೇಲೆ, ಮೊದಲು ಮನೆಯವರ ಸಹಿ ಇರಲಿ ಎಂದು ಚಿಕ್ಕ ಮಾವ ಬರೆಸಿ ತಂದಿದ್ದರು. ನನ್ನ ಅಮ್ಮನ ಸಹಿ ಆಗಲೇ ಬಿದ್ದಿತ್ತು. ದೊಡ್ಡ ಮಾವ ಪೆನ್ನು ಹಿಡಿಯಲಾರರು. ಅವರಿಗೆ ಎಎಲ್‌ಎಸ್. ಬಲಗೈಯಲ್ಲಿ ಶುರುವಾದ ದೌರ್ಬಲ್ಯ ಎಡಗೈಗೆ, ಕಾಲಿಗೆ, ಕೊನೆಗೆ ನಾಲಿಗೆಗೂ ಬಂತು. ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುವ ಕಾಯಿಲೆ ಇದು. ಕಣ್ಣನ್ನು ತಿರುಗಿಸುವ ಸ್ನಾಯುಗಳನ್ನು ಮಾತ್ರ ಸಾಮಾನ್ಯವಾಗಿ ಕೊನೆಯವರೆಗೂ ಬಿಟ್ಟುಬಿಡುತ್ತದೆ. ಮಾವನ ಬುದ್ಧಿಗೆ ಏನೂ ಆಗಿಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ನೋಡಲು ಬಂದವರಲ್ಲಿ ಅರ್ಧ ಜನ ಬಾಗಿಲಲ್ಲೇ ಅತ್ತೆಯನ್ನು ಕೇಳುವುದು ಒಂದೇ ಪ್ರಶ್ನೆ: "ಅವರಿಗೆ ಎಲ್ಲ ಗೊತ್ತಾಗುತ್ತದೆಯೇ?"

ಮನೆ ಮಾರುವ ವಿಷಯ ಮಾವನಿಗೆ ಗೊತ್ತಿತ್ತು. ಮಾತುಕತೆ ಅವರ ಮಂಚದ ಪಕ್ಕದಲ್ಲೇ ನಡೆದಿತ್ತು. ಆದರೆ ಆ ಕಾಗದದಲ್ಲಿ ಏನು ಬರೆದಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಚಿಕ್ಕ ಮಾವ ಬಂದವರೇ ಕಾಫಿ ಕುಡಿದು, "ಅಣ್ಣ, ಅದೇ ಮನೆಯ ಕಾಗದ, ಒಂದು ಹೆಬ್ಬೆಟ್ಟು ಒತ್ತಿಬಿಡೋಣ" ಎನ್ನುತ್ತ ಇಂಕ್ ಪ್ಯಾಡ್ ತೆಗೆದರು. ಅತ್ತೆ ಒದ್ದೆ ಬಟ್ಟೆ ತರಲು ಒಳಗೆ ಹೋದರು. ನಾನು ಮಾವನ ಎದುರಿಗೇ ಕುಳಿತಿದ್ದರಿಂದ ಅವರ ಕಣ್ಣು ಪರದೆಗೆ ಹೋದದ್ದನ್ನು ಕಂಡೆ.

ಆ ಪರದೆ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳದೆ ಮುಂದೆ ಹೋಗುವಂತಿಲ್ಲ. ಲ್ಯಾಪ್‌ಟಾಪ್ ಪರದೆಯ ಕೆಳ ಅಂಚಿಗೆ ಒಂದು ಕಪ್ಪು ಪಟ್ಟಿ ಅಂಟಿಸಿದ್ದಾರೆ. ಅದರಿಂದ ಹೊರಡುವ ಇನ್‌ಫ್ರಾರೆಡ್ ಬೆಳಕು ನಮಗೆ ಕಾಣುವುದಿಲ್ಲ; ಮಾವನ ಕಣ್ಣಿನ ಕಾರ್ನಿಯಾದ ಮೇಲೆ ಅದರ ಹೊಳಪಿನ ಚುಕ್ಕೆ ಮೂಡುತ್ತದೆ. ಆ ಚುಕ್ಕೆಗೂ ಕಣ್ಣಪಾಪೆಯ ನಡುವಿಗೂ ಇರುವ ಅಂತರವನ್ನು ಪಟ್ಟಿಯೊಳಗಿನ ಕ್ಯಾಮೆರಾ ಒಂದೇ ಸಮನೆ ಅಳೆಯುತ್ತ, ದೃಷ್ಟಿ ಪರದೆಯ ಯಾವ ಜಾಗದಲ್ಲಿ ನೆಟ್ಟಿದೆ ಎಂದು ಲೆಕ್ಕ ಹಾಕುತ್ತದೆ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಕಿಟಕಿ ತೆರೆದರೆ ಯಂತ್ರ ಗಲಿಬಿಲಿಗೊಳ್ಳುತ್ತದೆ. ಹೀಗಾಗಿ ಮಾವನ ಕೋಣೆಯ ಕಿಟಕಿಗೆ ಹಗಲೆಲ್ಲ ಬಟ್ಟೆಯ ತೆರೆ ಎಳೆದಿರುತ್ತದೆ. ಎರಡು ಭಾಗದ ಕನ್ನಡಕದಿಂದಲೂ ತೊಂದರೆಯಾಗುತ್ತಿತ್ತು; ಮಗ ಬೇರೆ ಕನ್ನಡಕ ಮಾಡಿಸಿ ಕೊಟ್ಟ.

ಇನ್ನೊಂದು ತೊಡಕು ಯಂತ್ರದ್ದಲ್ಲ, ಕಣ್ಣಿನದ್ದು. ಕಣ್ಣು ಇರುವುದೇ ನೋಡುವುದಕ್ಕೆ. ನೋಡಿದ್ದೆಲ್ಲ ಒತ್ತಿದಂತಾದರೆ ಗತಿ ಏನು? ಮುಟ್ಟಿದ್ದೆಲ್ಲ ಚಿನ್ನವಾಗುತ್ತಿದ್ದ ಮಿಡಾಸ್ ರಾಜನ ಹೆಸರನ್ನೇ ತಜ್ಞರು ಇದಕ್ಕೆ ಇಟ್ಟಿದ್ದಾರೆ. ಪರಿಹಾರವೆಂದರೆ, ಒಂದು ಅಕ್ಷರದ ಮೇಲೆ ಅರ್ಧ ಸೆಕೆಂಡೋ ಒಂದು ಸೆಕೆಂಡೋ ದೃಷ್ಟಿ ಕದಲದೆ ನಿಲ್ಲಬೇಕು. ಅಕ್ಷರದ ಸುತ್ತ ಒಂದು ವೃತ್ತ ತುಂಬುತ್ತ ಬರುತ್ತದೆ, ಪೂರ್ತಿ ತುಂಬಿದರೆ ಮಾತ್ರ ಆಯ್ಕೆ. ನಡುವೆ ಯಾರಾದರೂ ಬಾಗಿಲು ತಳ್ಳಿದರೆ ಕಣ್ಣು ಅತ್ತ ಹೊರಳುತ್ತದೆ, ವೃತ್ತ ಖಾಲಿಯಾಗುತ್ತದೆ, ಮತ್ತೆ ಮೊದಲಿಂದ.

ಮೊದಲ ಪುಟದಲ್ಲಿ ಸಿದ್ಧ ಮಾತಿನ ಚೌಕಗಳಿವೆ: ಹೌದು, ಇಲ್ಲ, ನೀರು, ನೋವು, ಸೆಕೆ, ಕಫ ತೆಗೆ, ಮಗ್ಗುಲು ಬದಲಿಸು. ಬೇರೆ ಏನು ಹೇಳಬೇಕಿದ್ದರೂ ಅಕ್ಷರದ ಪುಟಕ್ಕೆ ಹೋಗಬೇಕು. ಭಾನುವಾರ ಅವರು ಹೋದದ್ದು ಅಲ್ಲಿಗೆ. ಓ. ದ. ಆಮೇಲೆ ಗುಡಿಸು. ನಡುವೆ ಒಂದು ಖಾಲಿ ಜಾಗ. ಹ, ಅದಕ್ಕೆ ಏತ್ವ, ದೀರ್ಘ ಸೇರಿ ಒಂದೇ ಚೌಕ. ಳ, ಅದಕ್ಕೆ ಕೊಂಬು. ಕೊನೆಗೆ "ಮಾತಾಡು" ಎಂಬ ಚೌಕ. ನಾವು ಒಂದು ಉಸಿರಿನಲ್ಲಿ ಆಡಿ ಮುಗಿಸುವ ಮಾತಿಗೆ ಒಂಬತ್ತು ಸಲ ದೃಷ್ಟಿ ನೆಡಬೇಕು. ಒತ್ತಕ್ಷರ ಬಂದರಂತೂ ಇನ್ನೂ ಹೆಚ್ಚು. "ಇಲ್ಲ" ಎಂದು ಅಕ್ಷರದಲ್ಲಿ ಬರೆಯಲು ನಾಲ್ಕು ನೋಟ ಬೇಕು. ಆ ಒಂಬತ್ತು ನೋಟಗಳ ನಡುವೆ ತಮ್ಮ ಅವರ ಕೈ ಎತ್ತಿದರು, ಬೆರಳು ಬಿಡಿಸಿದರು, ಶಾಯಿ ಹಚ್ಚಿದರು. ಮೈ ಅತ್ತ ವಾಲಿದಾಗ ಒಂದೆರಡು ಅಕ್ಷರ ತಪ್ಪಿದವು, ಅಳಿಸಿ ಮತ್ತೆ ಹಾಕಿದರು. ಒಂದೇ ಒಂದು ಸಲವೂ ಕೈಯ ಕಡೆಗೆ ನೋಡಲಿಲ್ಲ. ನೋಡಿದ್ದರೆ ಮಾತು ತಡವಾಗುತ್ತಿತ್ತು, ಹೆಬ್ಬೆಟ್ಟು ಬಿದ್ದು ಹೋಗುತ್ತಿತ್ತು.

"ಓದಿ ಹೇಳು."

ಚಿಕ್ಕ ಮಾವನ ಕೈ ನಿಂತಿತು. "ಅಣ್ಣ, ನಿನಗೆ ಗೊತ್ತಿರುವುದೇ, ಹೊಸದೇನಿಲ್ಲ" ಎಂದರು. ಮಾವ ಮತ್ತೆ ಅಕ್ಷರ ಕೂಡಿಸಲಿಲ್ಲ. ಬರೆದದ್ದು ಪರದೆಯ ಮೇಲೆಯೇ ಇತ್ತಲ್ಲ, "ಮಾತಾಡು" ಚೌಕದ ಮೇಲೆ ಇನ್ನೊಮ್ಮೆ ದೃಷ್ಟಿ ನೆಟ್ಟರು. ಅದೇ ದನಿ, ಅದೇ ಎರಡು ಪದ.

ಚಿಕ್ಕ ಮಾವನನ್ನು ಕೆಟ್ಟವರೆಂದು ಯಾರೂ ತಿಳಿಯಬಾರದು. ರಾತ್ರಿ ಉಸಿರಾಟದ ಯಂತ್ರ ಕೈಕೊಟ್ಟಾಗ ಸ್ಕೂಟರ್ ಏರಿ ಮೊದಲು ಓಡಿ ಬರುವವರು ಅವರೇ. ಅಣ್ಣನನ್ನು ಎತ್ತಿ ಸ್ನಾನದ ಕುರ್ಚಿಗೆ ಕೂರಿಸುವುದು ಅವರಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ. ನನಗೆ ಅವರ ಮೇಲೆ ಇರುವ ಗೌರವ ಭಾನುವಾರದಿಂದ ಕಡಿಮೆಯಾಗಿಲ್ಲ. ಆದರೆ ದಿನವೂ ಒಬ್ಬರ ಮೈಯನ್ನು ನಾವೇ ಎತ್ತಿ ಇಳಿಸಿ ಮಾಡುತ್ತಿದ್ದರೆ, ಅವರ ಇಷ್ಟವನ್ನೂ ನಾವೇ ಎತ್ತಿ ಇಡಬಹುದು ಎಂಬ ಸಲಿಗೆ ಮೆಲ್ಲಗೆ ಬಂದುಬಿಡುತ್ತದೆ. ಪ್ರೀತಿ ಇರುವ ಕಡೆಯೇ ಇದು ಹೆಚ್ಚು. ಹೊರಗಿನವರಾದರೆ ಒಂದು ಮಾತು ಕೇಳಿಯಾದರೂ ಕೈ ಹಿಡಿಯುತ್ತಿದ್ದರೋ ಏನೋ.

ದೊಡ್ಡ ಮಾವ ಸರ್ವೆ ಇಲಾಖೆಯಲ್ಲಿ ಭೂಮಾಪಕರಾಗಿದ್ದವರು. ಹಾಸನ ಜಿಲ್ಲೆಯ ಎಷ್ಟೋ ಹೊಲಗಳ ಬದುವಿನ ಮೇಲೆ ಸರಪಳಿ ಎಳೆದವರು. ಚಿಕ್ಕವಳಿದ್ದಾಗ ರಜೆಯಲ್ಲಿ ಅವರ ಜೊತೆ ಹೋಗಿದ್ದೇನೆ. ಅಳತೆ ಮುಗಿದ ಮೇಲೆ ಮರದ ನೆರಳಿನಲ್ಲಿ ಕುಳಿತು ಮಹಜರು ಬರೆಯುತ್ತಿದ್ದರು. ಓದಲು ಬಾರದ ಮುದುಕರು ಬೆರಳು ಮುಂದೆ ಚಾಚಿದರೆ, "ತಾಳಿ, ಓದಿ ಹೇಳುತ್ತೇನೆ" ಎಂದು ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ ಎಂದು ಚೆಕ್ಕುಬಂದಿಯನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದರು. "ನೀವು ಬರೆದ ಮೇಲೆ ಸರಿಯೇ ಇರುತ್ತದೆ ಸ್ವಾಮಿ" ಎಂದರೂ ಬಿಡುತ್ತಿರಲಿಲ್ಲ. ಕಾಗದದ ಕೊನೆಗೆ "ಓದಿ ಹೇಳಿಸಿ ಕೇಳಿದೆ, ಸರಿ ಇದೆ" ಎಂದು ಬರೆದು, ಅದರ ಕೆಳಗೆ ಹೆಬ್ಬೆಟ್ಟು ಹಾಕಿಸುತ್ತಿದ್ದರು. ಅದೇ ಮನುಷ್ಯನ ಹೆಬ್ಬೆರಳಿಗೆ, ಓದದೆ, ಶಾಯಿ.

ಈ ವಿಷಯದಲ್ಲಿ ಕಾನೂನು ನಮ್ಮ ಮನೆಗಿಂತ ಮುಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂವಹನ ಎಂದರೇನು ಎಂದು ವಿವರಿಸುವಾಗ ಬಾಯಿಮಾತು, ಬರಹಗಳ ಜೊತೆಗೆ ಬ್ರೈಲ್, ಸಂಜ್ಞಾ ಭಾಷೆ, ಮಾತಿಗೆ ಬದಲಾಗಿ ಬಳಸುವ ಇಂಥ ಸಾಧನಗಳನ್ನೂ ಸೇರಿಸಿದೆ. ಕಣ್ಣಿನಿಂದ ಬರೆದದ್ದೂ ಮಾತೇ. ಅದರ 13ನೇ ಸೆಕ್ಷನ್ ಆಸ್ತಿ ಹೊಂದುವ, ಹಣಕಾಸನ್ನು ತಾವೇ ನೋಡಿಕೊಳ್ಳುವ ಹಕ್ಕು ಅಂಗವಿಕಲರಿಗೂ ಸಮನಾಗಿ ಇದೆ ಎನ್ನುತ್ತದೆ. ಅಷ್ಟೇ ಅಲ್ಲ, ಆಸರೆಯಾಗಿ ನಿಂತವರಿಗೇ ಒಂದು ವ್ಯವಹಾರದಲ್ಲಿ ಹಿತಾಸಕ್ತಿಯ ಘರ್ಷಣೆ ಬಂದರೆ, ಆ ವ್ಯವಹಾರದ ಮಟ್ಟಿಗೆ ಅವರು ಆಸರೆ ಕೊಡುವ ಕೆಲಸದಿಂದ ದೂರ ಸರಿಯಬೇಕು ಎನ್ನುತ್ತದೆ. ಮನೆ ಮಾರಿದ ಹಣದಲ್ಲಿ ಪಾಲಿರುವ ತಮ್ಮ ಅಣ್ಣನ ಬೆರಳು ಹಿಡಿಯಬಾರದಿತ್ತು. ನನ್ನ ಅಮ್ಮನಿಗೂ ಪಾಲಿರುವುದರಿಂದ ನಾನೂ ಹಿಡಿಯಬಾರದು. ಇದನ್ನು ಚಿಕ್ಕ ಮಾವನಿಗೆ ಹೇಳಿದೆ. "ಅಣ್ಣತಮ್ಮಂದಿರ ನಡುವೆ ಕಾಯ್ದೆ ತರುತ್ತೀಯಾ?" ಎಂದು ನೊಂದುಕೊಂಡರು. ಅವರು ನೊಂದದ್ದು ನಿಜ, ನಾನು ಹೇಳಿದ್ದೂ ಸರಿ.

ಕೊನೆಗೆ ಕಾಗದ ಓದಿದವಳು ನಾನೇ. ಸರ್ವೆ ನಂಬರು, ಅಳತೆ, ಚೆಕ್ಕುಬಂದಿ, ಯಾರಿಗೆ ಎಷ್ಟು ಭಾಗ ಎಲ್ಲವನ್ನೂ ಓದಿದೆ. ಒಂದು ಕಡೆ ಮಾವ ಪರದೆಯತ್ತ ಹೋದರು, ನಿಲ್ಲಿಸಿದೆ. "ಮತ್ತೆ" ಎಂದರು. ಪಶ್ಚಿಮದ ಗಡಿಯ ಸಾಲನ್ನು ಮತ್ತೊಮ್ಮೆ ಓದಿದೆ. ಮುಗಿದ ಮೇಲೆ ಎಲ್ಲರೂ ಕಾದೆವು. ಬಂದ ಮಾತು: "ನಾಳೆ."

ಕಾಗದದಲ್ಲಿ ತಪ್ಪೇನೂ ಇರಲಿಲ್ಲ. ಚಿಕ್ಕ ಮಾವ ಹೊರಡುವಾಗ ಜಗಲಿಯಲ್ಲಿ ನನ್ನೊಡನೆ ಹೇಳಿದ್ದೂ ಅದನ್ನೇ: "ನೋಡು, ಒಂದಕ್ಷರ ತಪ್ಪಿರಲಿಲ್ಲ, ಸುಮ್ಮನೆ ಒಂದು ದಿನ ಹೋಯಿತು." ಈ ಮಾತು ನನ್ನನ್ನು ಕಾಡುತ್ತಿರುವುದಕ್ಕೆ ಕಾರಣವಿದೆ. ಕಾಗದದಲ್ಲಿ ಮೋಸ ಸಿಕ್ಕಿದ್ದರೆ ಎಲ್ಲರೂ ಮಾವನನ್ನು ಹೊಗಳುತ್ತಿದ್ದೆವು, "ಅವರ ತಲೆ ನೋಡಿ, ಈಗಲೂ ಹೇಗೆ ಓಡುತ್ತದೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದೆವು. ಏನೂ ಸಿಗಲಿಲ್ಲವಾದ್ದರಿಂದ ಅವರು ಓದಿಸಿದ್ದು ಹಟವಾಯಿತು. ನಾವು ಬ್ಯಾಂಕಿನಲ್ಲಿ ಕಾಗದ ಓದಿ ಸಹಿ ಹಾಕುತ್ತೇವೆ. ತಪ್ಪು ಸಿಗಲಿಲ್ಲವೆಂದು ಓದಿದ್ದು ವ್ಯರ್ಥವೆಂದು ಯಾರಾದರೂ ಅನ್ನುತ್ತಾರೆಯೇ? ಮಾತು ನಿಂತವರು ಬಾಯಿ ತೆರೆದಾಗಲೆಲ್ಲ ಏನಾದರೂ ದೊಡ್ಡದನ್ನೇ ಹೇಳಬೇಕು, ಇಲ್ಲವೇ ನೀರು ಕೇಳಬೇಕು. ನಡುವಿನ ಬದುಕೆಲ್ಲ, ಅನುಮಾನ, ತಕರಾರು, ಕುತೂಹಲ, "ಯೋಚಿಸಿ ಹೇಳುತ್ತೇನೆ" ಎನ್ನುವ ಸಾಮಾನ್ಯ ಹಕ್ಕು, ಇವಕ್ಕೆ ನಾವು ಜಾಗವನ್ನೇ ಇಟ್ಟಿಲ್ಲ.

ಯಂತ್ರಗಳು ಬೆಳೆಯುತ್ತಿವೆ, ಅದರಲ್ಲಿ ನನಗೆ ಸಂಶಯವಿಲ್ಲ. ಇದೇ ಕಾಯಿಲೆಯಿದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಮಾತಾಡುತ್ತಿದ್ದುದು ಕಣ್ಣಿನಿಂದ ಎಂದು ನಮ್ಮ ಬಳಗದಲ್ಲಿ ಎಲ್ಲರೂ ನಂಬಿದ್ದಾರೆ. ಆದರೆ ಅವರು ಕೊನೆಯ ವರ್ಷಗಳಲ್ಲಿ ಬಳಸಿದ್ದು ಕೆನ್ನೆಯ ಸ್ನಾಯುವಿನ ಚಲನೆಯನ್ನು. ಕಣ್ಣೋಟದ ಸಾಧನಕ್ಕಾಗಿ ಗಟ್ಟಿಯಾಗಿ ಕೂಗಿದವರಲ್ಲಿ ಒಬ್ಬರು ಅಮೆರಿಕದ ಫುಟ್‌ಬಾಲ್ ಆಟಗಾರ ಸ್ಟೀವ್ ಗ್ಲೀಸನ್. 2011ರಲ್ಲಿ ಅವರಿಗೆ ಎಎಲ್‌ಎಸ್ ಇರುವುದು ತಿಳಿಯಿತು. 2017ರಲ್ಲಿ ವಿಂಡೋಸ್ 10ರಲ್ಲೇ ಕಣ್ಣಿನಿಂದ ನಡೆಸುವ ಸೌಲಭ್ಯ ಬಂತು, 2024ರಲ್ಲಿ ಐಫೋನಿನಲ್ಲೂ ಬಂತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ತ ಬಿಸ್ವಾಸ್ ಅವರ ತಂಡ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಅಂಗಗಳು ಹಿಡಿತಕ್ಕೆ ಸಿಗದ ಸ್ಥಿತಿ) ಇರುವವರು ಸಾಮಾನ್ಯ ವೆಬ್ ಕ್ಯಾಮೆರಾದ ಮುಂದೆ ಕುಳಿತು ನೋಟದಿಂದಲೇ ರೋಬೋ ತೋಳನ್ನು ಆಡಿಸುವ ವ್ಯವಸ್ಥೆಯನ್ನು ಚೆನ್ನೈನ ವಿದ್ಯಾಸಾಗರ್ ಸಂಸ್ಥೆಯ ಜೊತೆ ಸೇರಿ ರೂಪಿಸಿದೆ. ಬಟ್ಟೆಗೆ ಅಚ್ಚು ಹಾಕುವಂಥ, ಸಂಬಳ ತರುವ ಕೆಲಸಕ್ಕೆ ಅದು ಬರಲಿ ಎಂಬುದು ಅವರ ಆಶಯ. ಇದನ್ನು ಓದಿದಾಗ ನನಗೆ ತುಂಬ ಹಿಡಿಸಿತು. ನೀರು, ನೋವುಗಳಾಚೆ ಅವರಿಗೂ ದುಡಿಮೆ ಇದೆ ಎಂದು ಯೋಚಿಸಿದ್ದಾರಲ್ಲ!

ಇದಕ್ಕೆಂದೇ ತಯಾರಾದ ಹೊರದೇಶದ ಸಾಧನಗಳ ಬೆಲೆ ಲಕ್ಷಗಟ್ಟಲೆ. ಮಾವನ ಮಗ ಕಂಪ್ಯೂಟರ್ ಆಟಕ್ಕೆಂದು ಮಾರುವ ಪಟ್ಟಿಯನ್ನು ಕೊಂಡು, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ ಸ್ಪೀಚ್ ಥೆರಪಿಸ್ಟ್ ಒಬ್ಬಳ ನೆರವಿನಿಂದ ಕನ್ನಡದ ಪುಟಗಳನ್ನು ಜೋಡಿಸಿದ್ದಾನೆ. ಕರೆಂಟು ಹೋಗಿ ಬ್ಯಾಟರಿಯೂ ಮುಗಿದರೆ ಅತ್ತೆಯ ಬಳಿ ಒಂದು ಪಾರದರ್ಶಕ ಹಾಳೆ ಇದೆ. ಅದರ ಮೇಲೆ ಅಕ್ಷರದ ಗುಂಪುಗಳು. ಅತ್ತೆ ಅದನ್ನು ಇಬ್ಬರ ಮುಖದ ನಡುವೆ ಹಿಡಿದು, ಮಾವನ ಕಣ್ಣು ಯಾವ ಗುಂಪಿನತ್ತ ಹೋಯಿತೆಂದು ಆಚೆಯಿಂದ ನೋಡಿ ಅಕ್ಷರ ಹೇಳುತ್ತಾರೆ. ಅದಕ್ಕೆ ಖರ್ಚು ಏನೂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಒಬ್ಬರು ಎದುರು ಕುಳಿತು ಕಣ್ಣಲ್ಲಿ ಕಣ್ಣಿಟ್ಟು ನೋಡಲೇಬೇಕು. ಭಾನುವಾರ ಕೋಣೆಯಲ್ಲಿ ಆ ಹಾಳೆ ಮಾತ್ರ ಇದ್ದಿದ್ದರೆ, ಅದನ್ನು ಎತ್ತಿ ಹಿಡಿಯುವವರು ಯಾರೂ ಇಲ್ಲದೆ ಹೆಬ್ಬೆಟ್ಟು ಬಿದ್ದಿರುತ್ತಿತ್ತು. ಯಂತ್ರ ಕೊಟ್ಟ ನಿಜವಾದ ವರ ಇದು: ಯಾರೂ ಕೇಳದಿದ್ದರೂ ಮಾವ ಮಾತು ಶುರು ಮಾಡಬಲ್ಲರು.

ಸೋಮವಾರ ಬೆಳಿಗ್ಗೆ ಮಾವ "ಸರಿ. ಒಪ್ಪಿದೆ" ಎಂದರು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರನ್ನು ಕರೆಸಿದೆವು. ಅವರು ಇನ್ನೊಮ್ಮೆ ಓದಿ, ಮಾವ "ಹೌದು" ಎಂದ ಮೇಲೆ ಬೆರಳು ಹಿಡಿದು ಒತ್ತಿಸಿದರು. ಚಿಕ್ಕ ಮಾವ ದೂರದಲ್ಲಿ ನಿಂತಿದ್ದರು. ಎಲ್ಲ ಮುಗಿದ ಮೇಲೆ ಅಣ್ಣನ ಬೆರಳಿನ ಶಾಯಿಯನ್ನು ಸೀಗೆಪುಡಿ ಹಾಕಿ ಉಜ್ಜಿ ತೊಳೆದವರು ಅವರೇ.

ಈಗ ಮಾವನ ಮಗನೂ ನಾನೂ ಸೇರಿ ಸಿದ್ಧ ಮಾತುಗಳ ಇನ್ನೊಂದು ಪುಟ ಮಾಡುತ್ತಿದ್ದೇವೆ. ಯಾವ ಮಾತು ಬೇಕೆಂದು ನಾವು ಊಹಿಸುವುದಿಲ್ಲ, ಮಾವನೇ ಹೇಳುತ್ತಾರೆ, ನಾವು ಚೌಕಕ್ಕೆ ಹಾಕುತ್ತೇವೆ. ಇದುವರೆಗೆ ಬಂದಿರುವವು: ತಾಳು. ಇನ್ನೂ ಮುಗಿದಿಲ್ಲ. ಲೆಕ್ಕ ತೋರಿಸು. ನನಗೆ ಇಷ್ಟವಿಲ್ಲ. ಟಿವಿ ಆರಿಸು. ನೀನು ಹೇಳು, ಕೇಳುತ್ತೇನೆ. ನಿನ್ನೆ ಸಂಜೆ ಬಹಳ ಹೊತ್ತು ತೆಗೆದುಕೊಂಡು ಒಂದನ್ನು ಬರೆದರು: "ಅವಳನ್ನು ಕೇಳಬೇಡಿ, ನನ್ನನ್ನೇ ಕೇಳಿ." ಅತ್ತೆ ಓದಿ ನಕ್ಕು, "ಇದನ್ನು ಬಂದವರಿಗೆ ಕಾಣುವ ಹಾಗೆ ದೊಡ್ಡದಾಗಿ ಹಾಕಿ" ಎಂದರು. ಮಾವನಿಗೆ ಅದು ಹೊಸ ಪುಟದಲ್ಲಿ ಬೇಡ, ಮೊದಲ ಪುಟದಲ್ಲಿ, "ನೀರು" ಎನ್ನುವುದಕ್ಕಿಂತ ಮೇಲೆ ಬೇಕಂತೆ. ಹಾಗೆಯೇ ಹಾಕಿದ್ದೇವೆ.