ಬೋಟಿನ ಚಾವಣಿಗೆ ಎಷ್ಟು ಚಿಕ್ಕ ಆಂಟೆನಾ ಬೇಕು?

ಮೆಟಾಮಟೀರಿಯಲ್ ರಚನೆಗಳಿಂದ (ತರಂಗಾಂತರಕ್ಕಿಂತ ಚಿಕ್ಕದಾದ, ಅಲೆಯ ನಡೆಯನ್ನು ಬದಲಿಸುವ ಕೃತಕ ವಿನ್ಯಾಸಗಳಿಂದ) ಪ್ಯಾಚ್ ಆಂಟೆನಾವನ್ನು, ಅಂದರೆ ಬೋರ್ಡಿನ ಮೇಲಿನ ಚಪ್ಪಟೆ ತಾಮ್ರದ ತುಂಡಿನ ಆಂಟೆನಾವನ್ನು, ಕುಗ್ಗಿಸಿದ ಪ್ರಬಂಧಗಳನ್ನು ಓದುವಾಗ ನಾನು ಮೊದಲು ಹುಡುಕುವುದು ದಕ್ಷತೆಯ ಅಂಕಿಯನ್ನು. ಗಾತ್ರ ಎಷ್ಟು ಇಳಿಯಿತು, ಎಷ್ಟು ಬ್ಯಾಂಡ್‌ಗಳು ಸಿಕ್ಕವು ಎಂಬುದು ಶೀರ್ಷಿಕೆಯಲ್ಲಿಯೇ ಇರುತ್ತದೆ. ಕೊಟ್ಟ ಶಕ್ತಿಯಲ್ಲಿ ಎಷ್ಟು ಪಾಲು ತರಂಗವಾಗಿ ಹೊರಟಿತು, ಎಷ್ಟು ಬೋರ್ಡಿನೊಳಗೇ ಬಿಸಿಯಾಗಿ ಹೋಯಿತು ಎಂಬುದನ್ನು ಮಾತ್ರ ಹಲವೊಮ್ಮೆ ನಾವೇ ಊಹಿಸಿಕೊಳ್ಳಬೇಕಾಗುತ್ತದೆ. ಕಾರವಾರದ ಬೈತಖೋಲ ಬಂದರಿನ ಮೀನುಗಾರಿಕಾ ಬೋಟುಗಳಿಗೆ ಹೊಂದುವ ನಾವಿಕ್ (ಭಾರತದ ಉಪಗ್ರಹ ಸ್ಥಾನನಿರ್ದೇಶನ ವ್ಯವಸ್ಥೆ) ಆಂಟೆನಾವೊಂದರ ವಿನ್ಯಾಸದಲ್ಲಿ ತೊಡಗಿರುವ ನನಗೆ ಈ ಪ್ರಶ್ನೆಯನ್ನು ಬದಿಗಿಡುವುದು ಸಾಧ್ಯವಿಲ್ಲ.

ನಾವಿಕ್ ಸಂಕೇತಗಳು ಮುಖ್ಯವಾಗಿ ಎಲ್5 ಬ್ಯಾಂಡಿನ 1176.45 ಮೆಗಾಹರ್ಟ್ಸ್ ಮತ್ತು ಎಸ್ ಬ್ಯಾಂಡಿನ 2492.028 ಮೆಗಾಹರ್ಟ್ಸ್ ಆವರ್ತನಗಳಲ್ಲಿ ಬರುತ್ತವೆ. ಪ್ಯಾಚ್‌ನ ಉದ್ದ ಬೋರ್ಡಿನೊಳಗಿನ ತರಂಗಾಂತರದ ಸುಮಾರು ಅರ್ಧದಷ್ಟಿರಬೇಕಾದ್ದರಿಂದ, ಗಾಜಿನ ನಾರು ಮತ್ತು ಎಪಾಕ್ಸಿಯ ಸಾಮಾನ್ಯ ಎಫ್‌ಆರ್-4 ಬೋರ್ಡಿನ ಮೇಲೆ ಮೊದಲನೆಯದಕ್ಕೆ ಸುಮಾರು 60 ಮಿಲಿಮೀಟರ್, ಎರಡನೆಯದಕ್ಕೆ ಸುಮಾರು 28 ಮಿಲಿಮೀಟರ್ ಬೇಕಾಗುತ್ತದೆ. ಈ ಎರಡು ಆವರ್ತನಗಳ ಅನುಪಾತ 2.12ರಷ್ಟಿರುವುದರಿಂದ, ದೊಡ್ಡ ಪ್ಯಾಚ್ ಸುಮಾರು ಎರಡರಷ್ಟು ಆವರ್ತನದಲ್ಲಿ ಕಂಪಿಸುವ ಎರಡನೆಯ ಬಗೆಯನ್ನೇ, ಅಂದರೆ ಎರಡನೆಯ ಮೋಡನ್ನೇ ಸ್ವಲ್ಪ ತಿದ್ದಿ ಎಸ್ ಬ್ಯಾಂಡಿಗೆ ಬಳಸಬಹುದಲ್ಲವೇ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಆ ಮೋಡಿನ ವಿಕಿರಣ ನೇರ ಮೇಲ್ದಿಕ್ಕಿನಲ್ಲಿ ಶೂನ್ಯವಾಗುತ್ತದೆ. 83 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಭೂಸ್ಥಿರ ಉಪಗ್ರಹ ಕಾರವಾರದಿಂದ ನೋಡಿದರೆ ಸುಮಾರು 70 ಡಿಗ್ರಿ ಎತ್ತರದಲ್ಲಿ ನಿಂತಿರುವಾಗ, ನೆತ್ತಿಯ ಮೇಲೆ ಕುರುಡಾದ ಆಂಟೆನಾ ನಮಗೆ ಪ್ರಯೋಜನಕ್ಕೆ ಬಾರದು.

ಮೆಟಾಮಟೀರಿಯಲ್ ಪ್ರವೇಶಿಸುವುದು ಇಲ್ಲಿ. ವಿದ್ಯುತ್ ಮತ್ತು ಕಾಂತ ಗುಣಾಂಕಗಳೆರಡೂ ಋಣವಾಗಿರುವ ಮಾಧ್ಯಮದ ಸಿದ್ಧಾಂತವನ್ನು ರಷ್ಯದ ಭೌತವಿಜ್ಞಾನಿ ವೆಸೆಲಾಗೊ 1960ರ ದಶಕದಲ್ಲಿಯೇ ಮುಂದಿಟ್ಟಿದ್ದರೂ, 1999ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಪೆಂಡ್ರಿ ಸೀಳಿರುವ ತಾಮ್ರದ ಉಂಗುರಗಳನ್ನು ಸೂಚಿಸಿದ ಮೇಲೆಯೇ ಅದು ಪ್ರಯೋಗಾಲಯಕ್ಕೆ ಇಳಿಯಿತು. (ತರಂಗಾಂತರಕ್ಕಿಂತ ಚಿಕ್ಕ ರಚನೆಯಿಂದ ಅಲೆಯನ್ನು ಪಳಗಿಸುವ ಯೋಚನೆ ನಮ್ಮಲ್ಲಿ ಹೊಸದಲ್ಲ, ಜಗದೀಶಚಂದ್ರ ಬೋಸರು 1898ರಲ್ಲಿ ಹುರಿಗೊಳಿಸಿದ ಸೆಣಬಿನಿಂದ ಅಲೆಯ ಧ್ರುವೀಕರಣವನ್ನು ತಿರುಗಿಸಿ ತೋರಿಸಿದ್ದರು.) ಅಂಥ ಉಂಗುರವನ್ನು ತಾಮ್ರದಲ್ಲಿ ಉಳಿಸುವ ಬದಲು ಬೋರ್ಡಿನ ಕೆಳಬದಿಯ ತಾಮ್ರವಾದ ಗ್ರೌಂಡ್ ಪದರದಲ್ಲಿ ಕೊರೆದು ತೆಗೆದರೆ, ಪ್ಯಾಚ್‌ನ ಕೆಳಗೆ ಲಂಬವಾಗಿ ನಿಂತಿರುವ ವಿದ್ಯುತ್ ಕ್ಷೇತ್ರವೇ ಅದನ್ನು ಪ್ರಚೋದಿಸುತ್ತದೆ. ಆ ಕೊರೆತ ತನ್ನದೇ ಇಂಡಕ್ಟನ್ಸ್ ಮತ್ತು ಕೆಪಾಸಿಟನ್ಸ್ ಹೊಂದಿರುವುದರಿಂದ ಪ್ಯಾಚ್‌ನ ಮೂಲ ಅನುರಣನೆಯನ್ನು (ಅದು ಬಲವಾಗಿ ಸ್ಪಂದಿಸುವ ಆವರ್ತನವನ್ನು) ಕೆಳಕ್ಕೆ ಎಳೆಯುತ್ತದೆ, ಜೊತೆಗೆ ಹೊಸದೊಂದು ಅನುರಣನೆಯನ್ನೂ ಹುಟ್ಟಿಸುತ್ತದೆ. ಒಂದೇ ಕೊರೆತದಿಂದ ಗಾತ್ರವೂ ಇಳಿಯಿತು, ಬ್ಯಾಂಡೂ ಹೆಚ್ಚಿತು.

ಇದರ ಬೆಲೆಯನ್ನು ಎಂಜಿನಿಯರ್ ಎಲ್. ಜೆ. ಚು 1948ರಲ್ಲಿಯೇ ಲೆಕ್ಕ ಹಾಕಿದ್ದರು. ಆಂಟೆನಾ ತರಂಗಾಂತರಕ್ಕೆ ಹೋಲಿಸಿದರೆ ಬಹಳ ಚಿಕ್ಕದಾದಾಗ, ಅದರ ಗಾತ್ರವನ್ನು ಮತ್ತೆ ಅರ್ಧಕ್ಕಿಳಿಸಿದರೆ ಸಿಗಬಹುದಾದ ಗರಿಷ್ಠ ಬ್ಯಾಂಡ್‌ವಿಡ್ತ್ (ಕೆಲಸ ಮಾಡುವ ಆವರ್ತನಗಳ ಅಗಲ) ಹೆಚ್ಚುಕಡಿಮೆ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಯಾವ ಮೆಟಾಮಟೀರಿಯಲ್ಲೂ ಈ ಮಿತಿಯನ್ನು ದಾಟಿಸುವುದಿಲ್ಲ. ನಾವಿಕ್‌ನ ಎಲ್5 ಪಟ್ಟಿ 24 ಮೆಗಾಹರ್ಟ್ಸ್ ಅಗಲ, ಅಂದರೆ ಕೇಂದ್ರ ಆವರ್ತನದ ಶೇ. 2ರಷ್ಟು, 1.6 ಮಿಲಿಮೀಟರ್ ದಪ್ಪದ ಬೋರ್ಡಿನ ಮೇಲೆ ಕುಗ್ಗಿಸದ ಪ್ಯಾಚ್ ಕೂಡ ಅಷ್ಟನ್ನು ಸುಲಭವಾಗಿ ಕೊಡುವುದಿಲ್ಲ. ಹಾಗಿದ್ದೂ ಎಫ್‌ಆರ್-4 ಮೇಲೆ ಮಾಡಿದ ಚಿಕ್ಕ ಆಂಟೆನಾದ ರಿಟರ್ನ್ ಲಾಸ್ ರೇಖೆ (ಎಷ್ಟು ಶಕ್ತಿ ಹಿಂದಿರುಗಿತೆಂದು ತೋರಿಸುವ ರೇಖೆ) ಚೆನ್ನಾಗಿ, ಅಗಲವಾಗಿ ಕಾಣುವುದುಂಟು. ಆ ಅಗಲದ ಒಂದು ಪಾಲು ಬೋರ್ಡಿನ ನಷ್ಟದಿಂದ ಬಂದದ್ದು, ಏಕೆಂದರೆ ಎಫ್‌ಆರ್-4ರ ನಷ್ಟಾಂಕ (ಶಕ್ತಿ ಬಿಸಿಯಾಗಿ ಹೋಗುವುದರ ಅಳತೆ) 0.02ರ ಆಸುಪಾಸಿನಲ್ಲಿದೆ. ಹಿಂದಿರುಗಿ ಬಾರದ ಶಕ್ತಿಯೆಲ್ಲ ಆಕಾಶಕ್ಕೆ ಹೋಯಿತೆಂದು ಆ ರೇಖೆಯನ್ನು ಅಳೆಯುವ ನೆಟ್‌ವರ್ಕ್ ಅನಲೈಸರ್ ಎಂದೂ ಹೇಳಿಲ್ಲ. ರಿಸೀವರ್‌ನಲ್ಲಿ ಈ ನಷ್ಟ ಮೊದಲ ಆಂಪ್ಲಿಫೈಯರ್‌ಗಿಂತ ಮುಂಚೆಯೇ ಆಗುವುದರಿಂದ, ಮುಂದೆ ಎಷ್ಟು ವರ್ಧಿಸಿದರೂ ಕಳೆದುಹೋದದ್ದು ಮರಳಿ ಸಿಗುವುದಿಲ್ಲ.

ನಾವಿಕ್ ಸಂಕೇತಗಳಲ್ಲಿರುವ ವೃತ್ತೀಯ ಧ್ರುವೀಕರಣದ (ವಿದ್ಯುತ್ ಕ್ಷೇತ್ರ ಸುತ್ತುತ್ತ ಸಾಗುವ ಬಗೆಯ) ಕಷ್ಟ ಇನ್ನೊಂದು. ಪರಸ್ಪರ ಲಂಬವಾದ ಎರಡು ಮೋಡುಗಳು 90 ಡಿಗ್ರಿ ಅಂತರದಲ್ಲಿ ಸಮವಾಗಿ ನಡೆಯಬೇಕು, ಆದರೆ ಒಂದೇ ಕಡೆ ಸೀಳಿರುವ ಉಂಗುರ ಈ ಸಮತೆಯನ್ನು ಕೆಡಿಸುತ್ತದೆ. ಆದ್ದರಿಂದ ಉಂಗುರಗಳನ್ನು ನಾಲ್ಕು ಮೂಲೆಗಳಲ್ಲಿ, ಒಂದೊಂದನ್ನೂ ಹಿಂದಿನದಕ್ಕಿಂತ ಕಾಲು ಸುತ್ತು ತಿರುಗಿಸಿ ಇಡುವುದೇ ಉತ್ತಮ.

ಇನ್ನು ನಮ್ಮ ಕರಾವಳಿಯ ಮಾತು. ಉಂಗುರಗಳ ಸೀಳು ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ, ಮತ್ತು ವಿದ್ಯುತ್ ಕ್ಷೇತ್ರ ಅತಿ ಗಾಢವಾಗಿರುವುದೂ ಅಲ್ಲಿಯೇ. ಅದರ ಮೇಲೆ ಉಪ್ಪುನೀರಿನ ತೆಳು ಪದರ ಕೂತರೆ ಕೆಪಾಸಿಟನ್ಸ್ ಏರಿ ಅನುರಣನೆ ಜಾರುತ್ತದೆ, ಉಪ್ಪಿನ ವಾಹಕತೆ ಉಳಿದ ಶಕ್ತಿಯನ್ನೂ ನುಂಗುತ್ತದೆ. ಜೂನ್-ಜುಲೈ ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟುಗಳು ಸಮುದ್ರಕ್ಕಿಳಿಯುವಾಗಲೂ ಇಲ್ಲಿ ಮಳೆಗಾಲ ಮುಗಿದಿರುವುದಿಲ್ಲ. ಹೀಗಾಗಿ ಪ್ಯಾಚ್‌ನ ಸುತ್ತ ಮೇಲ್ಮೈಯಲ್ಲಿ ಉಂಗುರ ಮೂಡಿಸುವ ವಿನ್ಯಾಸಗಳನ್ನು ನಾನು ಕೈಬಿಟ್ಟು, ಕೆಳಮುಖವಾಗಿರುವ ಗ್ರೌಂಡ್ ಪದರದ ಕೊರೆತವನ್ನೇ ಆರಿಸಿಕೊಂಡಿದ್ದೇನೆ. ಅದೂ ಎಲ್5 ಪ್ಯಾಚ್‌ಗೆ ಮಾತ್ರ, ಮಿತವಾಗಿ. 28 ಮಿಲಿಮೀಟರಿನ ಎಸ್ ಬ್ಯಾಂಡ್ ಪ್ಯಾಚ್ ಯಾವ ಉಂಗುರದ ಹಂಗೂ ಇಲ್ಲದೆ ಎಲ್5 ಪ್ಯಾಚ್‌ನ ಮೇಲೆಯೇ ಕೂರುತ್ತದೆ.

ಉಳಿದಿರುವ ತೊಡಕು ಅಳವಡಿಕೆಯದು. ಕೊರೆತಗಳಿರುವ ಗ್ರೌಂಡ್ ಹಿಂದಕ್ಕೂ ಸ್ವಲ್ಪ ವಿಕಿರಣ ಸೋರಿಸುತ್ತದೆ, ಮತ್ತು ಲೋಹದ ಚಾವಣಿಗೆ ಅದನ್ನು ನೇರವಾಗಿ ಅಂಟಿಸಿದರೆ ಕೊರೆತಗಳು ಮುಚ್ಚಿ ಲೆಕ್ಕವೇ ಬದಲಾಗುತ್ತದೆ. ಫೈಬರ್ ಬೋಟಿನಲ್ಲಿ ಈ ಚಿಂತೆ ಕಡಿಮೆ. ಕಬ್ಬಿಣದ ಬೋಟಿಗಾಗಿ ಪೆಟ್ಟಿಗೆಯ ತಳಕ್ಕೆ ಪ್ಲಾಸ್ಟಿಕ್ ಕಾಲುಗಳನ್ನು ಕೊಟ್ಟು, ಚಾವಣಿಯೂ ಸೇರಿರುವಂತೆಯೇ ಸಿಮ್ಯುಲೇಶನ್ ನಡೆಸಿ, ಆ ಅಂತರಕ್ಕೆ ಹೊಂದುವಂತೆ ಉಂಗುರದ ಅಳತೆಯನ್ನು ಈಗ ಮತ್ತೆ ತಿದ್ದುತ್ತಿದ್ದೇನೆ.